ಜಗಲಿಯ ಮಾತು: ಶುಕ್ರವಾರದ ಕೂಗು

2023ನೆಯ ಇಸವಿ ಡಿಸೆಂಬರ್ 9ನೆಯ ತಾರೀಖು, ಶನಿವಾರ. ದೀಪ ಹಚ್ಚುವ ಹೊತ್ತು. ನಾನು ಎಂದಿನಂತೆ ಆಂಡರ್ಸನ್‌ಪೇಟೆಯ ನಮ್ಮ ಮನೆಯ ಜಗಲಿಯ ಮೇಲೆ ಕುಳಿತಿದ್ದೆನು. ಮಗ್ಗುಲ ಮನೆಯ ಹುಡುಗನು ಬೀದಿಯ ತುದಿಯಿಂದ ತಲೆ ತಗ್ಗಿಸಿಕೊಂಡು ಬರುತ್ತಿದ್ದ ರೀತಿಯನ್ನು ಕಂಡು, ಯಾರಿಗೋ ಏನೋ ಆಗಿದೆಯೆಂದು ನನ್ನ ಎದೆ ಧಸಕ್ಕೆಂದಿತು. ಹುಡುಗನೆಂದು ಅಭ್ಯಾಸಬಲದಿಂದ ಬರೆದೆನು. ಅವನಿಗೆ ಆಗ ಇಪ್ಪತ್ತಾರು ವರ್ಷ. ರಾಮಶಬ್ದವನ್ನು ಎಲ್ಲ ವಿಭಕ್ತಿಗಳಲ್ಲಿಯೂ ತಡವರಿಸದೆ ನನಗೆ ಒಪ್ಪಿಸಿದ ಕೆಲವೇ ಶಿಷ್ಯರಲ್ಲಿ ಒಬ್ಬನು. ಈ ಊರಿನ ಸಾವಿರಾರು ಮಂದಿಯಂತೆ ಅವನೂ ಬೆಳಗಿನ ಜಾವದಲ್ಲಿ ಎದ್ದು ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿಗೆ ಹಿಂದಿರುಗುವವನು.

"ಏನಪ್ಪಾ, ಮನೆಯಲ್ಲಿ ಎಲ್ಲರೂ ಕ್ಷೇಮವಷ್ಟೆ?" ಎಂದೆನು.

"ಎಲ್ಲರೂ ಚೆನ್ನಾಗಿದ್ದಾರೆ, ಮೇಷ್ಟ್ರೇ. ಗ್ರೇಸನ್ ಅವರನ್ನು ತೆಗೆದುಬಿಟ್ಟರು."

ಗ್ರೇಸನ್ ಎಂದರೆ ಯಾರೆಂದು ನಾನರಿಯೆ. ಅವನ ಕಛೇರಿಯ ಮೇಲಧಿಕಾರಿ ಇರಬೇಕೆಂದೆಣಿಸಿ, "ಪಾಪ, ಸಂಸಾರಸ್ಥರೋ?" ಎಂದು ಕೇಳಿದೆನು. ಅವನಿಗೆ ನಗು ಬಂದಿತು. ಆದರೆ ಅರ್ಧಕ್ಕೇ ನಿಂತಿತು. "ನಿನ್ನೆ ರಾತ್ರಿ ನಾನೇ ಕೂಗಿದೆ, ಮೇಷ್ಟ್ರೇ. ತೊಲಗು, ತೊಲಗು ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಇವತ್ತು ನಿಜವಾಗಿಯೂ ತೆಗೆದರು. ಈಗ ಯಾಕೋ ಮನಸ್ಸಿಗೆ ಸರಿಹೋಗುತ್ತಿಲ್ಲ."

ಆ ಸಾಯಂಕಾಲ ಮೊದಲಾದ ಮಾತು ಮುಗಿಯಲು ಹತ್ತು ತಿಂಗಳು ಹಿಡಿಯಿತು. ಅದನ್ನೇ ಈ ಬಾರಿ ಬರೆಯುತ್ತೇನೆ. ಆಟದ ಗೊಡವೆಯಿಲ್ಲದ ವಾಚಕರು ದಯಮಾಡಿ ಹಾಳೆಯನ್ನು ತಿರುವಿ ಹಾಕದಿರಲಿ. ನನಗೂ ಆ ಗೊಡವೆ ಇರಲಿಲ್ಲ.

ಬೆಂಗಳೂರು ಎಫ್.ಸಿ. ಎಂಬ ಕಾಲ್ಚೆಂಡಿನ ಸಂಘವು ಹುಟ್ಟಿದ್ದು 2013ರಲ್ಲಿ. ಹುಟ್ಟಿದ ಮೊದಲ ವರ್ಷದಲ್ಲಿಯೇ ಅದು ಐ-ಲೀಗ್ ಎಂಬ ರಾಷ್ಟ್ರೀಯ ಪಂದ್ಯಾವಳಿಯನ್ನು ಗೆದ್ದಿತು. 2016ರಲ್ಲಿ ಮತ್ತೆ ಗೆದ್ದಿತು. ಅದೇ ವರ್ಷ ನವೆಂಬರಿನಲ್ಲಿ ಏಷ್ಯಾ ಖಂಡದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಗಿ, ದೋಹಾ ನಗರದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದೇ ಒಂದು ಗೋಲಿನಿಂದ ಸೋತಿತು. ಕಂಠೀರವ ಕ್ರೀಡಾಂಗಣವು ಅದರ ಮನೆ. ಅಲ್ಲಿ ಪಶ್ಚಿಮ ದಿಕ್ಕಿನ ಮೆಟ್ಟಿಲುಗಳಲ್ಲಿ ನೀಲಿ ಅಂಗಿ ತೊಟ್ಟು ತೊಂಬತ್ತು ನಿಮಿಷವೂ ಹಾಡುವ ಅಭಿಮಾನಿಗಳ ಬಳಗವೊಂದಿದೆ. ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಅದರ ಹೆಸರು. ನಮ್ಮ ಹುಡುಗನು ಪಂದ್ಯವಿದ್ದ ದಿನ ಕೆಲಸ ಮುಗಿಸಿ ಅಲ್ಲಿಗೆ ಹೋಗುವನು; ಆ ಹೊತ್ತಿಗೆ ಊರಿಗೆ ಮರಳುವ ಅನುಕೂಲ ಸಾಲದೆ ನೆಂಟರ ಮನೆಯಲ್ಲಿ ಮಲಗಿ, ಮಾರನೆಯ ದಿನದ ಕೆಲಸವನ್ನೂ ಮುಗಿಸಿಕೊಂಡು ಬರುವನು. ಅವನ ತಾಯಿಗೆ ಇದರಿಂದ ಬೇಸರವುಂಟು. ಆದರೆ ಗಣಿಗಳಿದ್ದ ಕಾಲದಲ್ಲಿ ಈ ಊರಿನ ಗಂಡಸರು ಸಂಜೆಯ ಹೊತ್ತು ಬಯಲಿನಲ್ಲಿ ಚೆಂಡಿನ ಹಿಂದೆ ಓಡಿದವರೇ ಆದ್ದರಿಂದ, ಆ ಮನೆಯ ಹಿರಿಯರು ಗದರಿಸುವುದಿಲ್ಲ.

ಸೈಮನ್ ಗ್ರೇಸನ್ ಇಂಗ್ಲೆಂಡಿನವರು. ಅಲ್ಲಿಯ ಮೂರನೆಯ ದರ್ಜೆಯ ಲೀಗಿನಿಂದ ಬ್ಲ್ಯಾಕ್‌ಪೂಲ್, ಲೀಡ್ಸ್, ಹಡರ್ಸ್‌ಫೀಲ್ಡ್, ಪ್ರೆಸ್ಟನ್ ಎಂಬ ನಾಲ್ಕು ಊರುಗಳ ತಂಡಗಳನ್ನು ಬೇರೆಬೇರೆ ವರ್ಷಗಳಲ್ಲಿ ಮೇಲಿನ ದರ್ಜೆಗೆ ಏರಿಸಿದವರು. 2022ರ ಜೂನಿನಲ್ಲಿ ಬೆಂಗಳೂರಿನ ತಂಡಕ್ಕೆ ಮುಖ್ಯ ತರಬೇತುದಾರರಾಗಿ ಬಂದರು. ಇಂಗ್ಲೆಂಡಿನಲ್ಲಾದರೆ ಈ ಹುದ್ದೆಗೆ ಮ್ಯಾನೇಜರ್ ಎನ್ನುವರು. ಯಾರು ಆಡಬೇಕು, ಎಲ್ಲಿ ನಿಲ್ಲಬೇಕು, ಯಾವ ಗಳಿಗೆಯಲ್ಲಿ ಒಬ್ಬನನ್ನು ಕರೆದು ಇನ್ನೊಬ್ಬನನ್ನು ಕಳುಹಬೇಕು ಎಂಬುದೆಲ್ಲ ಅವರ ಕೈಯಲ್ಲಿರುವುದು. ಚೆಂಡನ್ನು ಒದೆಯುವುದೊಂದು ಮಾತ್ರ ಅವರ ಕೈಯಲ್ಲಿಲ್ಲ. ಬಂದ ಮೂರು ತಿಂಗಳಿಗೆ, ಸೆಪ್ಟೆಂಬರ್ 18ರಂದು, ಕೋಲ್ಕತ್ತೆಯಲ್ಲಿ ಮುಂಬಯಿ ಸಿಟಿ ತಂಡವನ್ನು 2-1ರಿಂದ ಸೋಲಿಸಿ ಡುರಾಂಡ್ ಕಪ್ಪನ್ನು ಗೆದ್ದರು. ಅದು 1888ರಲ್ಲಿ ಶಿಮ್ಲಾದಲ್ಲಿ ಆರಂಭವಾದ, ಏಷ್ಯದಲ್ಲಿಯೇ ಅತ್ಯಂತ ಹಳೆಯ ಪಂದ್ಯಾವಳಿ.

ಬಳಿಕ ಲೀಗಿನ ಮೊದಲರ್ಧದಲ್ಲಿ ಸೋಲಿನ ಮೇಲೆ ಸೋಲು. "ಆಗಲೂ ನಾನು ಬೈದಿದ್ದೆ, ಮೇಷ್ಟ್ರೇ" ಎಂದು ಹುಡುಗನು ತಾನಾಗಿ ಒಪ್ಪಿಕೊಂಡನು. ಆದರೆ ಸಂಘದವರು ಆಗ ಅವರನ್ನು ತೆಗೆಯಲಿಲ್ಲ. ಏನಾಯಿತೆನ್ನುವಿರಿ? ಲೀಗಿನ ಕೊನೆಯಲ್ಲಿ ಒಂದರ ಮೇಲೊಂದರಂತೆ ಎಂಟು ಪಂದ್ಯಗಳನ್ನು ಗೆದ್ದರು. ಉಪಾಂತ್ಯದಲ್ಲಿ ಮುಂಬಯಿಯವರೊಡನೆ ಸಮನಾಗಿ ನಿಂತು, ಪೆನಾಲ್ಟಿ ಒದೆತಗಳಲ್ಲಿ 9-8ರಿಂದ ಕಂಠೀರವದಲ್ಲಿಯೇ ಗೆದ್ದರು. ಆ ರಾತ್ರಿಯ ವಿಷಯ ಹೇಳುವಾಗ ಹುಡುಗನ ಕಣ್ಣು ಈಗಲೂ ಹೊಳೆಯುವುದು. 2023ರ ಮಾರ್ಚ್ 18ರಂದು ಗೋವೆಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಎ.ಟಿ.ಕೆ. ಮೋಹನ್ ಬಾಗಾನಿಗೆ ಪೆನಾಲ್ಟಿಗಳಲ್ಲಿಯೇ ಸೋತರು. ಏಪ್ರಿಲ್ 25ರಂದು ಸೂಪರ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಒಡಿಶಾ ತಂಡಕ್ಕೆ ಸೋತರು. ಒಂದೇ ಋತುವಿನಲ್ಲಿ ಮೂರು ಅಂತಿಮ ಪಂದ್ಯಗಳು!

ಆ ಬೇಸಗೆಯಲ್ಲಿ ತಂಡದ ಮುಖ್ಯರು ಕೆಲವರು ಬೇರೆ ಸಂಘಗಳಿಗೆ ಹೊರಟುಹೋದರು. ಫಿಜಿ ದ್ವೀಪದ ರಾಯ್ ಕೃಷ್ಣ ಒಡಿಶಾಕ್ಕೆ. ಸಂದೇಶ್ ಝಿಂಗಾನ್, ಉದಾಂತ ಸಿಂಗ್ ಇಬ್ಬರೂ ಗೋವೆಗೆ. ಮುಂದಿನ ಋತುವಿನ ಮೊದಲ ಒಂಬತ್ತು ಪಂದ್ಯಗಳಲ್ಲಿ ಗೆಲುವು ಒಂದೇ. ಡಿಸೆಂಬರ್ 8, ಶುಕ್ರವಾರ ರಾತ್ರಿ, ಅದೇ ಮುಂಬಯಿಯವರು ಅದೇ ಕಂಠೀರವಕ್ಕೆ ಬಂದು ನಾಲ್ಕು ಗೋಲು ಹೊಡೆದು ಹೋದರು. ಬೆಂಗಳೂರಿಗೆ ಸೊನ್ನೆ. ಮಾರನೆಯ ದಿನವೇ ಗ್ರೇಸನ್‌ರಿಗೂ ಅವರ ಸಹಾಯಕರಿಗೂ ವಿದಾಯ.

ನಮ್ಮ ಹಿರಿಯರ ಕಾಲದ ಸರ್ಕಾರಿ ಕಾಗದಗಳಲ್ಲಿ ಇದಕ್ಕೆ 'ಬರತರ್ಫು' ಎಂಬ ಮಾತಿದ್ದಿತು. ಈಚೆಗೆ 'ವಜಾ' ಎನ್ನುವರು. ಕಾಲ್ಚೆಂಡಿನ ಸಂಘಗಳವರು ಎರಡನ್ನೂ ಹೇಳುವುದಿಲ್ಲ. 'ನಮ್ಮ ದಾರಿಗಳು ಬೇರೆಯಾದವು' ಎನ್ನುವುದು ಅವರ ವಾಡಿಕೆ. ದಾರಿ ಬೇರೆಯಾಗುವುದು ಒಬ್ಬರಿಗೆ ಮಾತ್ರ ಎಂಬುದನ್ನು ಗಮನಿಸಬೇಕು.

"ಹಾಗಾದರೆ ತಪ್ಪು ಯಾರದು?" ಎಂದು ನಾನು ಕೇಳಿದೆನು.

"ಅವರದೂ ಇದೆ, ಮೇಷ್ಟ್ರೇ. ಆಡಿಸಿದ ರೀತಿ ಚೆನ್ನಾಗಿರಲಿಲ್ಲ. ಆದರೆ ಒಳ್ಳೆಯ ಆಟಗಾರರು ಹೊರಟುಹೋದದ್ದಕ್ಕೆ ಅವರೊಬ್ಬರೇ ಏನು ಮಾಡಿಯಾರು? ಗೋಲಿನ ಮುಂದೆ ನಿಂತು ಚೆಂಡು ಬಿಟ್ಟವರು ಅವರಲ್ಲವಲ್ಲ."

ಇದರಲ್ಲಿ ಒಂದು ವ್ಯವಹಾರದ ಗುಟ್ಟುಂಟು. ಇಪ್ಪತ್ತೈದು ಮಂದಿ ಆಟಗಾರರನ್ನು ಡಿಸೆಂಬರ್ ತಿಂಗಳಿನಲ್ಲಿ ಬದಲಾಯಿಸಲಾಗುವುದಿಲ್ಲ. ಆಟಗಾರರನ್ನು ನೋಂದಾಯಿಸುವ ಬಾಗಿಲು ವರ್ಷಕ್ಕೆ ಎರಡೇ ಸಲ ತೆರೆಯುವುದು. ಒಡೆಯರು ತಮ್ಮನ್ನು ತಾವೇ ತೆಗೆದುಕೊಳ್ಳುವುದು ಲೋಕದಲ್ಲಿ ಎಲ್ಲಿಯೂ ಇಲ್ಲ. ಅಭಿಮಾನಿಗಳನ್ನು ತೆಗೆಯುವಂತಿಲ್ಲ. ಉಳಿದವನೊಬ್ಬನೇ. ಆದಕಾರಣ ರೋಗವು ಎಲ್ಲಿಯೇ ಇರಲಿ, ಕತ್ತರಿಯು ಆ ಒಂದೇ ಕಡೆಗೆ ಹೋಗುವುದು. 2016ರಲ್ಲಿ ಇಂಗ್ಲೆಂಡಿನ ಲೀಸ್ಟರ್ ಎಂಬ ಸಾಧಾರಣ ತಂಡವು ಯಾರೂ ಕನಸಿನಲ್ಲಿಯೂ ಎಣಿಸದಿದ್ದಾಗ ಅಲ್ಲಿಯ ಅತ್ಯುನ್ನತ ಲೀಗನ್ನು ಗೆದ್ದಿತು. ಗೆಲ್ಲಿಸಿದ ಇಟಲಿಯ ಕ್ಲಾಡಿಯೊ ರಾನಿಯೇರಿ ಎಂಬ ವಯೋವೃದ್ಧರನ್ನು ಒಂಬತ್ತೇ ತಿಂಗಳಲ್ಲಿ, 2017ರ ಫೆಬ್ರವರಿ 23ರಂದು, ಮನೆಗೆ ಕಳುಹಿಸಿದರು.

ಇಲ್ಲಿ ನನ್ನದೊಂದು ಹಳೆಯ ಸಂಗತಿಯನ್ನು ಹೇಳಬೇಕಾಗಿದೆ. ಹುಡುಗನಿಗೂ ಅಂದೇ ಹೇಳಿದೆನು. ನಾನು ಕೆಲಸಮಾಡುತ್ತಿದ್ದ ಶಾಲೆಗಳಲ್ಲೊಂದರಲ್ಲಿ ಒಂದು ವರ್ಷ ಹತ್ತನೆಯ ತರಗತಿಯ ಫಲಿತಾಂಶ ತೀರ ಕೆಟ್ಟಿತು. ಮೇಲಿನವರು ಕಾರಣ ಕೇಳಿದರು. ಗಣಿತದಲ್ಲಿ ಹೆಚ್ಚು ಮಂದಿ ನಪಾಸಾಗಿದ್ದರು; ಗಣಿತದ ಉಪಾಧ್ಯಾಯರಿಗೆ ದೂರದ ಊರಿಗೆ ವರ್ಗವಾಯಿತು. ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಆ ವರ್ಷ ನಮ್ಮ ಸಾಧನೆ ಹೇಳಿಕೊಳ್ಳುವಂಥದಾಗಿರಲಿಲ್ಲ. ಅದು ನಮಗೆಲ್ಲ ಗೊತ್ತಿದ್ದಿತು. ಆದರೂ ಬೀಳ್ಕೊಡುಗೆಯ ದಿನ ನಾವೆಲ್ಲ ಹಾರ ಹಾಕಿ, ಉಪ್ಪಿಟ್ಟು ತಿಂದು, ಅವರ ಗುಣಗಾನ ಮಾಡಿದೆವು. ನಾನು ಒಂದು ಶ್ಲೋಕವನ್ನೂ ಕಟ್ಟಿ ಓದಿದೆನು. ಓದುತ್ತಿರುವಾಗ ನನ್ನ ಮನಸ್ಸಿನಲ್ಲಿದ್ದುದು ಏನು ಗೊತ್ತೆ? 'ಸದ್ಯ, ನನ್ನ ಪಾಲಿಗೆ ಬರಲಿಲ್ಲ' ಎಂಬುದು. ಮುಂದಿನ ವರ್ಷ ಫಲಿತಾಂಶ ಸುಧಾರಿಸಿತು. ಹೊಸ ಮೇಷ್ಟರ ಪ್ರಭಾವವೆಂದು ಎಲ್ಲರೂ ಹೊಗಳಿದರು. ಆ ಮಕ್ಕಳನ್ನು ಎಂಟನೆಯ ತರಗತಿಯಿಂದ ಬಲ್ಲ ನನಗೆ, ಅವರು ಯಾರು ಕಲಿಸಿದರೂ ತೇರ್ಗಡೆಯಾಗುವ ಮಕ್ಕಳೆಂದು ತಿಳಿದಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ.

ನನ್ನ ಈ ಅನುಭವಕ್ಕೆ ಪುಷ್ಟಿ ಕೊಡುವ ಪರಿಶೋಧನೆಯೊಂದನ್ನು ಹುಡುಗನೇ ಮುಂದೆ ಹುಡುಕಿ ತಂದು ತೋರಿಸಿದನು. ಬಾಸ್ ಟೆರ್ ವೀಲ್ ಎಂಬ ನೆದರ್ಲೆಂಡ್ಸಿನ ಅರ್ಥಶಾಸ್ತ್ರಜ್ಞರು 1986ರಿಂದ 2004ರವರೆಗೆ ತಮ್ಮ ದೇಶದ ಕಾಲ್ಚೆಂಡಿನ ತಂಡಗಳ ಲೆಕ್ಕವನ್ನೆಲ್ಲ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಸತತವಾಗಿ ಸೋತು ತರಬೇತುದಾರನನ್ನು ತೆಗೆದ ತಂಡಗಳು ಬಳಿಕ ಚೇತರಿಸಿಕೊಂಡವು, ನಿಜ. ಆದರೆ ಅಷ್ಟೇ ಸೋತು, ಅವನನ್ನು ಇಟ್ಟುಕೊಂಡ ತಂಡಗಳೂ ಅದೇ ಮೇರೆಗೆ ಚೇತರಿಸಿಕೊಂಡವಂತೆ! ಜ್ವರವು ಇಳಿಯುವ ದಿನ ಬಂದಾಗ ಕಷಾಯ ಕೊಟ್ಟವನಿಗೆ ಕೀರ್ತಿ. ಹಾಗೆಂದು ಎಲ್ಲ ಕಷಾಯವೂ ವ್ಯರ್ಥವೆಂದು ನಾನು ಹೇಳುವುದಿಲ್ಲ. ಗ್ರೇಸನ್‌ರ ಸ್ಥಾನಕ್ಕೆ ಬಂದ ಸ್ಪೇನಿನ ಜೆರಾರ್ಡ್ ಝರಗೋಝಾರ ಕೈಕೆಳಗೆ ಬೆಂಗಳೂರು ಆ ಋತುವಿನಲ್ಲಿ ಹನ್ನೆರಡು ತಂಡಗಳ ನಡುವೆ ಹತ್ತನೆಯದಾಗಿ ಉಳಿಯಿತು. ಮುಂದಿನ ಋತುವಿನಲ್ಲಿ ಮೂರನೆಯದಾಗಿ, 2025ರ ಏಪ್ರಿಲ್ 12ರಂದು ಅಂತಿಮ ಪಂದ್ಯವನ್ನೇ ಆಡಿತು. ಮೊದಲನೆಯದನ್ನು ನೋಡಿದರೆ ತೆಗೆದದ್ದು ತಪ್ಪು, ಎರಡನೆಯದನ್ನು ನೋಡಿದರೆ ಸರಿ. ಇದರಿಂದ ಯಾವ ಸಿದ್ಧಾಂತವನ್ನು ಮಾಡುವುದೋ ನಾನರಿಯೆ.

ಆದರೆ ಆ ಶನಿವಾರ ಹುಡುಗನನ್ನು ಕಾಡುತ್ತಿದ್ದುದು ಲಾಭನಷ್ಟದ ಲೆಕ್ಕವಲ್ಲ. ತಾನು ಬೇಡಿದ್ದು ಕೈಗೂಡಿದಾಗ ತನಗೇಕೆ ಸಂತೋಷವಾಗಲಿಲ್ಲ ಎಂಬುದು. ನಮ್ಮ ಅಲಂಕಾರಶಾಸ್ತ್ರದವರು ಇದಕ್ಕೆ ಹೆಸರಿಟ್ಟಿದ್ದಾರೆ. ಎರಡು ಭಾವಗಳು ಸಮಬಲದಿಂದ ಒಂದೇ ಎದೆಯಲ್ಲಿ ಸಂಧಿಸಿದರೆ ಅದು ಭಾವಸಂಧಿ. ಹಲವು ಭಾವಗಳು ಒಂದನ್ನೊಂದು ಮೆಟ್ಟಿಕೊಂಡು ಸಾಲಾಗಿ ಬಂದರೆ ಅದು ಭಾವಶಬಲತೆ. ಹುಡುಗನದು ಎರಡನೆಯ ಜಾತಿ. ಮೊದಲು 'ಸದ್ಯ ತೊಲಗಿದರು' ಎಂಬ ನೆಮ್ಮದಿ. ಅದನ್ನು ಮೆಟ್ಟಿ 9-8ರ ರಾತ್ರಿಯ ನೆನಪು. ಅದನ್ನು ಮೆಟ್ಟಿ ನಾಚಿಕೆ. ನಾಚಿಕೆಯ ಮೇಲೆ, ಮುಂದೆ ಯಾರು ಬರುವರೋ ಎಂಬ ಆಸೆ. ಆಸೆ ಹುಟ್ಟಿತಲ್ಲಾ ಎಂದು ಮತ್ತೆ ನಾಚಿಕೆ. ಇದನ್ನೆಲ್ಲ ವಿವರಿಸಿದಾಗ ಅವನು, "ಇದಕ್ಕೆ ಸಂಸ್ಕೃತದಲ್ಲಿ ಹೆಸರಿದ್ದರೆ ಹಿಂದೆ ಯಾರಿಗೋ ಹೀಗೆ ಆಗಿರಬೇಕಲ್ಲವೆ, ಮೇಷ್ಟ್ರೇ?" ಎಂದನು. ಒಳ್ಳೆಯ ಪ್ರಶ್ನೆ. ತರಗತಿಯಲ್ಲಿದ್ದಾಗ ಇಂಥದನ್ನು ಕೇಳಿರಲಿಲ್ಲ.

ಆಗಿರುವುದುಂಟು. ಕೌರವರ ಕಡೆ ಹದಿನೆಂಟು ದಿನಗಳಲ್ಲಿ ಎಷ್ಟು ಮಂದಿ ಸೇನಾಪತಿಗಳು! ಭೀಷ್ಮರು ಹತ್ತು ದಿನ, ದ್ರೋಣರು ಐದು, ಕರ್ಣನು ಎರಡು, ಶಲ್ಯನು ಅರ್ಧ ದಿನ. ಪಟ್ಟ ಕಟ್ಟುವಾಗಲೆಲ್ಲ ಇನ್ನು ಗೆದ್ದೆವೆಂಬ ಉತ್ಸಾಹ. ಒಡೆಯನೂ ಅವನೇ, ಹಟವೂ ಅದೇ. ಭೀಷ್ಮರ ಆಧಿಪತ್ಯದಲ್ಲಿ ತಾನು ಬಿಲ್ಲು ಹಿಡಿಯುವುದಿಲ್ಲವೆಂದು ಕರ್ಣನು ಹತ್ತು ದಿನವೂ ಹೊರಗೆ ನಿಂತನು. ಮುದುಕನು ಯಾವಾಗ ತೊಲಗುವನೋ ಎಂದು ಕಾದವನು ಅವನು. ಆದರೆ ಭೀಷ್ಮರು ಬಿದ್ದ ಬಳಿಕ, ಎಲ್ಲರೂ ಬಿಡಾರಗಳಿಗೆ ತೆರಳಿದ ಹೊತ್ತಿನಲ್ಲಿ, ಒಬ್ಬನೇ ಆ ಶರಶಯ್ಯೆಯ ಬಳಿಗೆ ಹೋಗಿ ಕಣ್ಣೀರು ತುಂಬಿ ನಿಂತವನೂ ಅವನೇ. ಅವನಲ್ಲಿ ಕಪಟವಿತ್ತೆಂದು ಯಾರೂ ಹೇಳಲಾರರು. ತೊಲಗಲಿ ಎಂದದ್ದೂ ನಿಜ, ಅತ್ತದ್ದೂ ನಿಜ.

ಈ ಮಾತು ನಡೆಯುತ್ತಿರುವಾಗ ನಮ್ಮ ಬೀದಿಯ ಹಿರಿಯರೊಬ್ಬರು ಬಂದು ಜಗಲಿಯ ತುದಿಯಲ್ಲಿ ಕುಳಿತರು. ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಮೈಲಿಗಟ್ಟಲೆ ಕೆಳಗೆ, ದುಡಿದವರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ಕೆಲಸ ಕಳೆದುಕೊಂಡ ಸಾವಿರಾರು ಮಂದಿಯಲ್ಲಿ ಒಬ್ಬರು. ತಾರುಣ್ಯದಲ್ಲಿ ಬರಿಗಾಲಿನಲ್ಲಿ ಚೆಂಡಾಡಿದವರಂತೆ. ತಮಿಳು ಬೆರೆತ ಅವರ ಕನ್ನಡ ನನಗೆ ಬಹಳ ಪ್ರಿಯ. ನಮ್ಮ ಕರ್ಣ ಭೀಷ್ಮರನ್ನೆಲ್ಲ ಸಾವಧಾನವಾಗಿ ಕೇಳಿ, ಹುಡುಗನ ಕಡೆ ತಿರುಗಿ, "ಆ ದೊರೆಗೆ ಲೆಕ್ಕ ಎಲ್ಲಾ ಸೆಟಲ್ ಮಾಡಿದರಾಪ್ಪಾ?" ಎಂದರು.

"ಮಾಡಿರುತ್ತಾರೆ, ತಾತ. ಅವರದೆಲ್ಲ ಒಪ್ಪಂದ ಇರುತ್ತೆ. ನಡುವೆ ತೆಗೆದರೆ ಇಷ್ಟು ಕೊಡಬೇಕು ಅಂತ ಅದರಲ್ಲೇ ಬರೆದಿರುತ್ತೆ."

"ಹಾಗಾದರೆ ಸರಿ." ಎದ್ದು ಎರಡು ಹೆಜ್ಜೆ ಹೋದರು, ಮತ್ತೆ ನಿಂತರು. "ಮನೆಗೆ ಹೋಗಿ ಹೆಂಡತಿಗೆ ಹೇಳಬೇಕಲ್ಲಾ. ಅದು ಬೇರೆ."

ಹುಡುಗನು ಬಹಳ ಹೊತ್ತು ಮಾತನಾಡಲಿಲ್ಲ. ನಾನೂ ಆಡಲಿಲ್ಲ.

ಅವನಿಗೆ ಇಂಥ ವಿದಾಯ ಮೊದಲನೆಯದಲ್ಲ. ಗ್ರೇಸನ್‌ರಿಗಿಂತ ಮುಂಚೆ ಕಾರ್ಲೆಸ್ ಕುವಾದ್ರಾತ್ ಎಂಬ ಸ್ಪೇನ್ ದೇಶದವರು ಇದ್ದರು. 2016ರಿಂದ ಸಹಾಯಕರಾಗಿದ್ದು, 2018ರಲ್ಲಿ ಮುಖ್ಯರಾದವರು. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ, ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಾಗ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದು ಗೋಲಿನಿಂದ ಗೋವೆಯ ತಂಡವನ್ನು ಸೋಲಿಸಿ, ಇಂಡಿಯನ್ ಸೂಪರ್ ಲೀಗಿನ ಕಪ್ಪನ್ನು ಬೆಂಗಳೂರಿಗೆ ತಂದವರು. ಅವರೂ 2021ರ ಜನವರಿಯಲ್ಲಿ, ಸಾಲಾಗಿ ಮೂರು ಪಂದ್ಯ ಸೋತ ಮಾರನೆಯ ದಿನ ಹೊರಟರು. ಅದು ಕೊರೋನಾ ಪಿಡುಗಿನ ಕಾಲ; ಪಂದ್ಯಗಳೆಲ್ಲ ಗೋವೆಯಲ್ಲಿ, ಪ್ರೇಕ್ಷಕರಿಲ್ಲದ ಅಂಗಳಗಳಲ್ಲಿ ನಡೆಯುತ್ತಿದ್ದುವು. "ಆಗ ನಾವು ಯಾರೂ ಅಲ್ಲಿ ಇರಲಿಲ್ಲ, ಮೇಷ್ಟ್ರೇ. ಅವರ ಮುಖಕ್ಕೆ ಕೂಗಿದವರಿಲ್ಲ, ಕೈ ಬೀಸಿ ಕಳುಹಿಸಿದವರೂ ಇಲ್ಲ" ಎಂದು ಹುಡುಗನು ಹೇಳುತ್ತಿದ್ದನು. ಆ ವಿದಾಯದಲ್ಲಿ ಅವನಿಗೆ ದುಃಖವೊಂದೇ ಇದ್ದಿತು. ಅದನ್ನು ಅನುಭವಿಸುವುದು ಸುಲಭವಂತೆ.

ಆ ಕುವಾದ್ರಾತ್ 2023ರಲ್ಲಿ ಮತ್ತೆ ಭಾರತಕ್ಕೆ ಬಂದರು, ಕೋಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘಕ್ಕೆ. 2024ರ ಜನವರಿಯಲ್ಲಿ ಆ ಸಂಘಕ್ಕೆ ಸೂಪರ್ ಕಪ್ಪನ್ನು ಗೆದ್ದುಕೊಟ್ಟರು. ಹನ್ನೆರಡು ವರ್ಷಗಳಿಂದ ರಾಷ್ಟ್ರೀಯ ಮಟ್ಟದ ಕಪ್ಪನ್ನೇ ಕಾಣದ ಸಂಘವದು. ಅದೇ ವರ್ಷ ಸೆಪ್ಟೆಂಬರ್ 14ರಂದು, ಶನಿವಾರ, ಹೊಸ ಲೀಗಿನ ಮೊದಲ ಪಂದ್ಯಕ್ಕೆ ಅವರು ತಮ್ಮ ತಂಡದೊಡನೆ ಕಂಠೀರವಕ್ಕೇ ಬರುವುದೆಂದಾಯಿತು. ಹುಡುಗನು ನನ್ನನ್ನು ಬಿಡದೆ ಕರೆದೊಯ್ದನು.

ಅರುವತ್ತರ ವಯಸ್ಸಿನಲ್ಲಿ ಮೊದಲಬಾರಿಗೆ ನಾನು ಅಂಥ ಅಂಗಳವನ್ನು ಕಂಡದ್ದು. ಆ ದೀಪಗಳ ಬೆಳಕಿನಲ್ಲಿ ಹುಲ್ಲು ಹಸುರಾಗಿರುವುದಕ್ಕಿಂತ ಹೆಚ್ಚು ಹಸುರಾಗಿ ಕಾಣುವುದು. ಗದ್ದಲಕ್ಕೆ ನನ್ನ ಕಿವಿ ಒಗ್ಗಲು ಕಾಲು ಗಂಟೆ ಬೇಕಾಯಿತು. ವಿನಿತ್ ವೆಂಕಟೇಶ್ ಎಂಬ ಎಳೆಯ ಆಟಗಾರನು ಮೊದಲರ್ಧದಲ್ಲಿಯೇ ಒಂದು ಗೋಲು ಹೊಡೆದನು. ಹುಡುಗನು ನನ್ನನ್ನು ಮೇಲೆತ್ತಿ ಕುಣಿಸದಿದ್ದುದೇ ಪುಣ್ಯ. ಬಳಿಕ ಗೋಲುಗಳೇ ಆಗಲಿಲ್ಲ, ಬೆಂಗಳೂರು ಗೆದ್ದಿತು.

ಪಂದ್ಯ ಮುಗಿದ ಮೇಲೆ ಎಲ್ಲರೂ ತಮ್ಮ ತಂಡದ ಕಡೆ ನೋಡುತ್ತಿದ್ದರು. ಹುಡುಗನು ಎದುರು ಬದಿಯ ಗೆರೆಯ ಬಳಿ ನಡೆದುಹೋಗುತ್ತಿದ್ದ ಒಬ್ಬರನ್ನು ನನಗೆ ತೋರಿಸಿದನು. ದೂರದಿಂದ ಮುಖ ಕಾಣಲಿಲ್ಲ. "ಅವರೇ ಕುವಾದ್ರಾತ್" ಎಂದನು. ಅವನ ಕೈ ಸ್ವಲ್ಪ ಮೇಲೆದ್ದಿತು. ಕೂಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಅವರು ಒಳಗೆ ಹೋಗುವವರೆಗೆ ನೋಡುತ್ತಿದ್ದನು.

ಅದಾದ ಎರಡು ವಾರಗಳಿಗೆ, ಅಕ್ಟೋಬರ್ ತಿಂಗಳ ಮೊದಲ ದಿನ ಬೆಳಗಿನ ಜಾವ, ನಾನು ಬಾಗಿಲಿಗೆ ನೀರು ಹಾಕುವ ಹೊತ್ತಿನಲ್ಲಿ ಅವನು ಚೀಲ ಹೆಗಲಿಗೇರಿಸಿ ರೈಲಿಗೆ ಹೊರಟಿದ್ದವನು ನಿಂತನು. ಗಣಿಯ ಹಿರಿಯರೂ ಹಾಲಿಗೆಂದು ಬಂದಿದ್ದರು.

"ಮೇಷ್ಟ್ರೇ, ಕುವಾದ್ರಾತ್ ಅಲ್ಲಿಂದಲೂ ಹೊರಟರು."

ಹಿರಿಯರು ಕೇಳಿದರು: "ಎಷ್ಟು ಆಟ ಸೋತರಪ್ಪಾ?"

"ಮೂರು, ತಾತ."

"ಮೂರಕ್ಕೇನಾ?"

"ಮೂರಕ್ಕೇ. ಮೊದಲನೆಯದು ನಮ್ಮ ಕೈಲಿ."

ಹಿರಿಯರು ಹಾಲಿನ ಪಾತ್ರೆಯನ್ನು ಜಗಲಿಯ ಮೇಲಿಟ್ಟು ಮತ್ತೇನೋ ಕೇಳಬೇಕೆಂದಿದ್ದರು. ಅಷ್ಟರಲ್ಲಿ ರೈಲಿನ ಹೊತ್ತಾಯಿತೆಂದು ಹುಡುಗನು ನಿಲ್ದಾಣದ ಕಡೆಗೆ ಬಿರಬಿರನೆ ನಡೆದನು.